ಶರಣಣ್ಣ ಹೇಳಿದ ಅಂತರಿಕ್ಷದ ಕತೆ

ಬೆಳಿಗ್ಗೆ ಹತ್ತೂವರೆ. ಹಳಿಯಾಳ ಬಸ್ ನಿಲ್ದಾಣದ ಬೆಂಚಿನಲ್ಲಿ ನಲವತ್ತರ ಆಸುಪಾಸಿನ ಮಹಿಳೆಯೊಬ್ಬರು ತಮ್ಮ ದೊಡ್ಡಪ್ಪನ ಮಗನನ್ನು ತರಾಟೆಗೆ ತೆಗೆದುಕೊಂಡಿದ್ದರು. ಚಿಕ್ಕಂದಿನಲ್ಲಿ ಓಣಿಯ ಮಕ್ಕಳೆಲ್ಲ ಒಂದೇ ಟೀವಿಯ ಮುಂದೆ ಕುಳಿತು ನೋಡಿದ್ದ ಅಂತರಿಕ್ಷದ ಹಿಂದಿ ಧಾರಾವಾಹಿಯನ್ನು ಅವರು ಈಗ ಮೊಬೈಲಿನಲ್ಲಿ ಮತ್ತೆ ನೋಡಿದ್ದರು. ಆಗ ಅದನ್ನು ಮಕ್ಕಳಿಗೆ ಕನ್ನಡದಲ್ಲಿ ಹೇಳುತ್ತಿದ್ದವರು ಈ ಅಣ್ಣ.

“ಶರಣಣ್ಣಾ, ನೀ ಹೇಳಿದ್ದು ಒಂದೂ ಅದರಾಗ ಇಲ್ಲ.”

“ಒಂದೂ ಇಲ್ಲೇನು?”

“ಯಂತ್ರದ ಮನುಷ್ಯಾ ಸೂಟಿ ಕೇಳಿ ಅವ್ವನ್ನ ನೋಡಾಕ ಹೋಗ್ತಾನ ಅಂದಿದ್ದಿ. ಖರೆ ಅಂದ್ರ ಅಂವಾ ಕೆಟ್ಟು ನಿಂತಾನಂತ ಯಾವುದೋ ಗ್ರಹದಾಗ ಬಿಟ್ಟು ಬರ್ತಾರ.”

“ನಂಗೂ ಹಿಂದಿ ಎಲ್ಲಿ ಬರ್ತಿತ್ತು ಸುಮಿತಾ? ನೀವೆಲ್ಲಾ ನನ್ನ ಮಾರಿ ನೋಡ್ತಿದ್ರಿ. ಏನರ ಹೇಳಬೇಕಲ್ಲ.”

“ಅದಕ್ಕ ನಿಂಗ ಮುಂದಿನ ಜಾಗಾ ಬಿಡ್ತಿದ್ವಿ.”

“ಚುರುಮುರಿನೂ ಕೊಡ್ತಿದ್ರಿ. ಈಗ ವಾಪಸ್ ಬೇಕೇನು?”

“ಚುರುಮುರಿ ಬ್ಯಾಡ. ರವಿವಾರ ಮನಿಗೆ ಬಾ. ನನ್ನ ಮಗಳು ಆ ಧಾರಾವಾಹಿ ನೋಡಬೇಕಂತಾಳ. ಆಕಿಗೆ ನಿನ್ನ ಕತಿನ ಹೇಳು. ಖರೆ ಕತಿ ನಂಗ ಸೇರಲಿಲ್ಲ.”

“ಸಾಲ್ಯಾಗ ಹಿಂದಿ ಕಲಸ್ತಾರ. ಆಕಿ ನನ್ನ ಸುಳ್ಳು ಹಿಡಿತಾಳ.”

“ಸೌಂಡ್ ಬಂದ್ ಮಾಡ್ತೇನಿ.”

“ಏನೇನ್ ಹೇಳಿದ್ದೆ ಅಂತ ನಂಗ ನೆನಪಿಲ್ಲವ್ವಾ.”

“ನಂಗ ಐತಿ. ನಡಿ, ಬಸ್ ಬಂತು.”

ಇಬ್ಬರೂ ಮುಂಡಗೋಡ ಬಸ್ ಹತ್ತಿ ಒಂದೇ ಸೀಟಿನಲ್ಲಿ ಕುಳಿತರು. ಬಸ್ ಹೊರಡುವ ಮೊದಲೇ ಸುಮಿತಾ ಅಣ್ಣನಿಗೆ ಅವರೇ ಅಂದು ಕಟ್ಟಿ ಹೇಳಿದ್ದ ಮೊದಲ ಕಂತು ಹೇಳತೊಡಗಿದ್ದರು.