ಬಾವಿಯೊಳಗಿಂದ ತೆಗೆದ ತುಂಡು

ಸುಳ್ಳು ಅನ್ನಬೇಡಿ, ನನಗೆ ಸಿಟ್ಟು ಬರುತ್ತದೆ. ಇದು ನಮ್ಮ ಕಾಕಾನ ಮಗ ಮಡಿವಾಳೆಪ್ಪನಿಗೆ ಆದದ್ದು. ಎಪ್ಪತ್ತೈದನೇ ಇಸವಿ, ಅಣ್ಣಿಗೇರಿ. ಸಿನಿಮಾ ಟೆಂಟಿನಲ್ಲಿ ಎರಡನೇ ಆಟ ಮುಗಿಸಿ ಒಬ್ಬನೇ ಮನೆಗೆ ಹೊರಟಿದ್ದ. ದಾರಿಯಲ್ಲಿ ಆ ಬಾವಿ... ದುಂಡವ್ವ ಸತ್ತ ಮೇಲೆ ಯಾರೂ ನೀರು ಸೇದದ ಬಾವಿ.

ಹೆದರಲು ಅವನಿಗೆ ಪುರುಸೊತ್ತೆಲ್ಲಿತ್ತು? ತಲೆ ಕೆಟ್ಟುಹೋಗಿತ್ತು. ಮದ್ರಾಸಿನಲ್ಲಿ ಸಿನಿಮಾ ಕತ್ತರಿಸಿ ಜೋಡಿಸುವುದು ಕಲಿತವನು ಅವನು. ಸಾಹುಕಾರ ಕುಬೇರಪ್ಪ ಇದೇ ದುಂಡವ್ವನ ಕತೆಯ ಮೇಲೆ ಸಿನಿಮಾ ತೆಗೆಸಿದ್ದ. ಯಾರನ್ನೋ ಮೆಚ್ಚಿ, ಅವನು ಕೈಬಿಟ್ಟನೆಂದು ಬಾವಿಗೆ ಹಾರಿದಳು ಅಂತ ಊರವರು ಹೇಳುತ್ತಿದ್ದ ಕತೆ. ಬಿಡುಗಡೆಗೆ ಮೊದಲು ಊರಿಗೇ ತೋರಿಸಿ, "ನಮ್ಮ ಮಂದಿ ಹೆಂಗ ಅಂತಾರ, ಹಂಗ ಕಡಿಯಪಾ" ಅಂದಿದ್ದ.

ಮೊದಲ ರಾತ್ರಿ ನಾಯಕಿ ಹಾರಿದಳು. ಟೆಂಟು ಹರಿಯುವಂಥ ಕೂಗಾಟ. "ಬದುಕಸ್ರಿ ಆಕೀನ್ನ!" ಸರಿ, ಮಡಿವಾಳೆಪ್ಪ ಬ್ಲೇಡು, ಅಂಟು ಹಿಡಿದು ಕೂತ. ಹಾರುವುದನ್ನು ಕತ್ತರಿಸಿದ. ನಡುವೆ ಬರುವ ಕನಸಿನ ಮದುವೆಯನ್ನು ತಂದು ಕೊನೆಗೆ ಅಂಟಿಸಿದ. ಈ ಎರಡನೇ ರಾತ್ರಿ ಸೀಟಿಯೋ ಸೀಟಿ. ಸಾಹುಕಾರ ಬೆನ್ನು ಚಪ್ಪರಿಸಿದ. ಇವನಿಗೆ ಮಾತ್ರ ಸಂಕಟ. ಎರಡು ವರ್ಷದ ದುಡಿಮೆಗೆ ಅಕ್ಷತೆ ಹಾಕಿ ಮುಗಿಸಿದರಲ್ಲ!

ಬಾವಿಯ ಬಾಜು ಒಬ್ಬ ಹೆಂಗಸು ನಿಂತಿದ್ದಳು. ಆಟ ನೋಡಿ ಬಂದವಳು ಅಂದುಕೊಂಡ.

"ಸಿನಿಮಾದ ಕಡೀಭಾಗ ಸರಿ ಇಲ್ರಿ..." ಅಂದಳು ಮೆಲ್ಲಗೆ.

ಅವನಿಗೆ ರೇಗಿತು. "ನಿನಗೂ ಬ್ಯಾರೆ ಬೇಕೇನಬೇ? ಹೇಳಿಬಿಡು. ಊರಿಗೂರ ಹೇಳೇತಿ!"

"ಆಕಿ ಹಾರಲಿಲ್ರಿ."

"ಮತ್ತ?"

"ಸೇದಿ ಹಾಕವ್ರು ಯಾರೂ ಇರಲಿಲ್ಲ, ತಾನ ಬಗ್ಗಿ ಜಾರಿದ್ಳು. ಒದರಿದ್ಳು. ಮಂದಿ ಬಂದ್ರು... ಸುತ್ತ ನಿಂತು ನೋಡಿದ್ರು. ಹಗ್ಗ ಅವರ ಕೈಯಾಗನ ಇತ್ತು."

"ಕೆಳಗ ಬಿಡಲಿಲ್ಲಾ?"

"ನಮ್ಮ ಕೈ ಹತ್ತಿದ ಮ್ಯಾಲೆ ಆ ಹಗ್ಗ ಅವರಿಗೆ ನಡೀತಿತ್ತೇನ್ರಿ?"

ನಮ್ಮ ಕೈ ಅಂದಳಲ್ಲ... ಅವನು ತಿರುಗಿದ. ಯಾರೂ ಇಲ್ಲ. ಬಾವಿಯ ಆಳದಲ್ಲಿ ತೊಟಕ್... ತೊಟಕ್... ಆಮೇಲೆ ಒಂದೇ ಸಲ, ಗುಳುಂ.

ಎರಡು ಹೆಜ್ಜೆ ಹಿಂದೆ ಸರಿದ. ಆದರೆ ಹೆದರಿಕೆಗಿಂತ ನಾಚಿಕೆಯೇ ಹೆಚ್ಚಾಯಿತು. ದುಂಡವ್ವನ ಕೇರಿಯವರು ಆ ಬಾವಿಯ ಹಗ್ಗ ಮುಟ್ಟುವಂತಿರಲಿಲ್ಲ. ದೂರ ಕೂತು, ಯಾರಾದರೂ ಸೇದಿ ಹೊಯ್ದರೆ ಕೊಡ ತುಂಬಿಕೊಳ್ಳಬೇಕು. ಅದು ಅವನಿಗೆ ಗೊತ್ತಿತ್ತು. ಗೊತ್ತಿದ್ದೂ ಪ್ರೀತಿ ಪ್ರೇಮ ಅಂಟಿಸುತ್ತ ಕೂತಿದ್ದ.

ಅಲ್ಲಿಂದಲೇ ಟೆಂಟಿಗೆ ವಾಪಸು ಹೋದ. ಬಿಸಾಕಿದ ತುಂಡುಗಳಲ್ಲಿ ಒಂದಿತ್ತು. ಕ್ಯಾಮೆರಾದವನು ಇದೇ ಬಾವಿಯೊಳಗೆ ಇಳಿದು, ಮೇಲಕ್ಕೆ ಮುಖ ಮಾಡಿ ತೆಗೆದದ್ದು. ದುಂಡನೆಯ ಆಕಾಶ, ಅಷ್ಟೇ. ಒಂದು ನರಪಿಳ್ಳೆಯೂ ಇಲ್ಲ, ಶಬ್ದವೂ ಇಲ್ಲ. ಮದುವೆಯನ್ನು ಕಿತ್ತು ಅದನ್ನು ಅಂಟಿಸಿದ.

ಮರುದಿನ ಮತ್ತೆ ಆಟ. ನಾಯಕಿ ಕೊಡ ಹಿಡಿದು ಬಾವಿಗೆ ಹೋದಳು. ಆಮೇಲೆ ಆಕಾಶ... ಯಂತ್ರದ ಕರಕರ ಬಿಟ್ಟರೆ ಸದ್ದಿಲ್ಲ.

ಆಗ ಆಕಾಶದ ಅಂಚಿನಿಂದ ಒಂದು ತಲೆ ಬಗ್ಗಿತು. ಇನ್ನೊಂದು... ಮತ್ತೊಂದು. ರುಮಾಲು ಸುತ್ತಿದ ತಲೆಗಳು. ಸುತ್ತ ನಿಂತು ಕೆಳಗೆ ನೋಡುತ್ತಿದ್ದವು. ಒಬ್ಬನ ಕೈಯಲ್ಲಿ ಹಗ್ಗವಿತ್ತು.

ಹೆಂಗಸರ ಸಾಲಿನಲ್ಲಿ ನಮ್ಮ ಓಣಿಯ ಗೌರಕ್ಕ ಪಿಸುಗುಟ್ಟಿದಳು. "ಯವ್ವಾ... ಇವರು ನಮ್ಮ ಮಾವಾರಲ್ಲೇನ? ತೀರಿಹೋಗಿ ಎಷ್ಟೋ ವರ್ಷಾತು..."

ಸಾಹುಕಾರ ಎದ್ದು ನಿಂತಿದ್ದ. ಹಗ್ಗ ಹಿಡಿದವನ ಮೇಲೇ ಅವನ ಕಣ್ಣು. "ಅಪ್ಪಾ..." ಅಂದ. ಮರುಕ್ಷಣ ಗಂಟಲು ಹರಿಯುವಂತೆ, "ಬಂದ್ ಮಾಡ್ಲೇ! ಬಂದ್ ಮಾಡು!"

ದೀಪ ಹಾಕಿದರು. ಯಾರೂ ಬಾಜುದವರ ಮುಖ ನೋಡಲಿಲ್ಲ.

"ಮದಿವೀನ ಹಚ್ಚು" ಅಂದ ಸಾಹುಕಾರ.

"ಆಕಿ ಹಾರಲಿಲ್ರಿ ಸಾಹುಕಾರ್ರ..."

"ನನಗ ಗೊತ್ತೈತಿ. ಮದಿವೀನ ಹಚ್ಚು."

ಹಲ್ಲು ಕಚ್ಚಿ ಹಚ್ಚಿದ. ಹುಬ್ಬಳ್ಳಿ, ಗದಗಿನಲ್ಲೆಲ್ಲ ಮದುವೆಯೇ ಓಡಿತು, ಭರ್ಜರಿಯಾಗಿ ಓಡಿತು. ಮಡಿವಾಳೆಪ್ಪ ಮತ್ತೆ ಮದ್ರಾಸಿಗೆ ಹೋಗಲಿಲ್ಲ.

ಕಿತ್ತ ತುಂಡು ಅವನ ಹತ್ತಿರವೇ ಇದೆ. ಬಿಸಿಲಿಗೆ ಹಿಡಿದು ನಾನೇ ಕಣ್ಣಾರೆ ನೋಡಿದ್ದೇನೆ, ಇದಕ್ಕಿಂತ ಇನ್ನೇನು ಹೇಳಲಿ? ತಲೆಗಳಿಲ್ಲ. ಖಾಲಿ ಆಕಾಶ... ಆದರೆ ಒಂದು ಬದಿಯಿಂದ ಹಗ್ಗ ಇಳಿಬಿದ್ದಿದೆ. ಸ್ವಲ್ಪವೇ ಇಳಿದು, ಅಲ್ಲಿಗೇ ನಿಂತಿದೆ.