ಬಲಗಡೆ ಪುಟದ ಬೆಕ್ಕು

ಮಾತಾಡಬೇಡ. ಬಾಯಲ್ಲಿ ಹತ್ತಿ ಇಟ್ಕೊಂಡು ಮಾತಾಡಿದ್ರೆ ನೀನು ಹೇಳೋದು ಯಾರಿಗೂ ಅರ್ಥ ಆಗಲ್ಲ, ಹತ್ತಿ ಮಾತ್ರ ಹೊಟ್ಟೆಗೆ ಹೋಗುತ್ತೆ. ಈ ಕುರ್ಚಿ ಮೇಲೆ ನೀನು ಪೇಷೆಂಟು, ನಾನು ಡಾಕ್ಟರು. ಅಕ್ಕ, ತಮ್ಮ ಅನ್ನೋದೆಲ್ಲ ಆ ಬಾಗಿಲಿನಾಚೆ. ಹಾಂ, ಬಾಯಿ ಇನ್ನೂ ಅಗಲ... ಅಷ್ಟೇನಾ? ಚಿಕ್ಕವನಿದ್ದಾಗ ಅಳೋಕೆ ಇದರ ಎರಡರಷ್ಟು ತೆಗೀತಿದ್ದೆ.

ಏನು ಹೇಳ್ತಿದ್ದೆ ನಾನು? ಹಾಂ, ಉಕ್ಕಿನ ಮಾವ. ಹೋದ ಸೋಮವಾರ ನೀನು ತಂದ ಹಳೇ ಕಾಮಿಕ್ಸ್ ಪುಸ್ತಕದಲ್ಲಿ ಮಾವ ಕೊನೆಗೆ ಎಲ್ಲಿದ್ದ, ಹೇಳು... ಹೇಳಬೇಡ, ನಾನೇ ಹೇಳ್ತೀನಿ. ಬಾವೀಲಿ! ಮೇಲಿಂದ ಆ ವಿಲನ್ ಡಾಕ್ಟರ್ ದವಡೆ ಹಗ್ಗ ಕತ್ತರಿಸ್ತಿದ್ದಾನೆ, ಒಂದೇ ಒಂದು ಎಳೆ ಉಳಿದಿದೆ, ಕೆಳಗಡೆ ‘ಮುಂದಿನ ಸಂಚಿಕೆಯಲ್ಲಿ’ ಅಂತ ಬರೆದು ಕೈ ತೊಳ್ಕೊಂಡಿದ್ದಾರೆ. ಇಡೀ ವಾರ ಮಾವನ್ನ ಬಾವೀಲಿ ಬಿಟ್ಟು ನಾನು ಕಂಡವರ ಹಲ್ಲು ಕಿತ್ತಿದ್ದೀನಿ ಕಣೋ. ಮೊನ್ನೆ ಒಬ್ಬರು ಹೆಡ್‌ಮಾಸ್ಟ್ರು ಬಾಯಿ ತೆಗೆದ್ರು, ನನಗೆ ಬಾವಿ ಕಾಣ್ತು. ಬಗ್ಗಿ ನೋಡ್ದೆ. ಸುಮಾರು ಹೊತ್ತು ನೋಡ್ದೆ ಅಂತ ಕಾಣುತ್ತೆ. ಪಾಪ ಅವರು, “ಅಷ್ಟು ಕೆಟ್ಟಿದೆಯಾ ಡಾಕ್ಟ್ರೇ?” ಅಂದ್ರು.

ನಗಬೇಡ, ಕೈಯಲ್ಲಿ ಚೂಪಾದ್ದು ಇದೆ.

ಹಾಗಂತ ಆ ಪುಸ್ತಕಗಳ ಮೇಲೆ ನನಗೇನೂ ಆಸೆ ಇಲ್ಲ. ಯಾಕೆ ಹುಬ್ಬು ಮೇಲೆ ಹೋಯ್ತು? ಇಲ್ಲ ಅಂದ್ರೆ ಇಲ್ಲ. ಹೊರಗಡೆ ಕಾಯೋ ಮಕ್ಕಳು ಓದ್ಲಿ ಅಂತ ಇಟ್ಕೋತಿದ್ದೀನಿ. ಸರಿ, ಇನ್ನೂ ಅವರ ಕೈಗೆ ಕೊಟ್ಟಿಲ್ಲ. ಹರಿದು ಹಾಕ್ತಾವೆ ಅಂತ ಡ್ರಾಯರಲ್ಲಿಟ್ಟು ಬೀಗ ಹಾಕಿದ್ದೀನಿ... ಸಿಸ್ಟರ್, ನೀವ್ಯಾಕೆ ಕೆಮ್ತಿದ್ದೀರಾ? ಆ ಕನ್ನಡಿ ಕೊಡಿ ಇಲ್ಲಿ.

ಆ ಡಾಕ್ಟರ್ ದವಡೆ ಇದ್ದಾನಲ್ಲ, ಚಿಕ್ಕವರಿದ್ದಾಗ ಅವನನ್ನ ಕಂಡ್ರೆ ಹೆದರಿ ದಿಂಬಿನ ಕೆಳಗೆ ತಲೆ ಹಾಕ್ತಿದ್ವಿ. ಈಗ ನೋಡಿದ್ರೆ ಪಾಪ ಅನ್ಸುತ್ತೆ. ಕೆಳದವಡೆ ಎರಡು ಬೆರಳು ಮುಂದಿದೆ, ಮೇಲಿನ ಹಲ್ಲಿಗೂ ಕೆಳಗಿನದಕ್ಕೂ ಭೇಟಿನೇ ಇಲ್ಲ. ಆ ಮನುಷ್ಯ ಅಗಿದು ನುಂಗಿ ಎಷ್ಟು ವರ್ಷ ಆಯ್ತೋ. ಚಿಕ್ಕ ವಯಸ್ಸಲ್ಲಿ ಯಾರಾದ್ರೂ ಒಂದು ತಂತಿ ಹಾಕಿಸಿದ್ದಿದ್ರೆ ಲೋಕಕ್ಕೆ ಈ ಕಾಟಾನೇ ಇರ್ತಿರಲಿಲ್ಲ.

ನೀನು ಮನೆ ಬದಲಾಯಿಸುವಾಗ ಅಟ್ಟದ ಮೇಲೆ ಈ ಪುಸ್ತಕಗಳಿದ್ದ ತಗಡಿನ ಪೆಟ್ಟಿಗೆ ಸಿಕ್ಕಿದ್ದು ಒಳ್ಳೇದಾಯ್ತು. ಎಷ್ಟು ಕಿತ್ತಾಡಿದ್ವಿ ಆಗ ಇವಕ್ಕೆ! ನಾನು ಮೊದ್ಲು, ನಾನು ಮೊದ್ಲು. ಕೊನೆಗೆ ಅಮ್ಮ ತಲೆ ಕೆಟ್ಟು ತೀರ್ಪು ಕೊಟ್ರು... ಎಡಗಡೆ ಪುಟ ನನಗೆ, ಬಲಗಡೆ ಪುಟ ನಿನಗೆ, ಇಬ್ಬರೂ ಜೋರಾಗಿ ಓದಿ ಹೇಳಬೇಕು. ನಿನಗೋ ಅಕ್ಷರ ಬರ್ತಿರಲಿಲ್ಲ. ಚಿತ್ರ ನೋಡಿ ಬಾಯಿಗೆ ಬಂದಿದ್ದು ಓದ್ತಿದ್ದೆ. ನಮ್ಮನೆ ಉಕ್ಕಿನ ಮಾವ ಎಡಗಡೆ ಪುಟದಲ್ಲಿ ಬ್ಯಾಂಕ್ ದರೋಡೆ ತಡೀತಿದ್ದ, ಬಲಗಡೆ ಪುಟದಲ್ಲಿ ಬೆಕ್ಕಿಗೆ ಸ್ನಾನ ಮಾಡಿಸ್ತಿದ್ದ. ಯಾವ ಪುಸ್ತಕ ತೆಗೆದ್ರೂ ಬೆಕ್ಕಿಗೆ ಸ್ನಾನ. ನಾನು ನಂಬಿದ್ದೆ ಕಣೋ. ಈಗ ಬಲಗಡೆ ಪುಟಗಳನ್ನ ಮೊದಲನೇ ಸಲ ನಾನೇ ಓದ್ತಿದ್ದೀನಿ... ಎಲ್ಲೂ ಬೆಕ್ಕೇ ಇಲ್ಲ. ಎಷ್ಟು ಬೇಜಾರಾಯ್ತು ಗೊತ್ತಾ?

ಅಂಥ ನಾವು ದೊಡ್ಡವರಾಗಿ ಏನು ಮಾಡಿದ್ವಿ ನೋಡು. ಅಮ್ಮನ ಹೊಲಿಗೆ ಮೆಷಿನ್ ಯಾರಿಗೆ ಅಂತ ಎರಡು ವರ್ಷ ಮಾತು ಬಿಟ್ವಿ. ಹೊಲಿಯೋಕೆ ನಿನಗೂ ಬರಲ್ಲ, ನನಗೂ ಬರಲ್ಲ. ನಿನಗೆ ಹಲ್ಲುನೋವು ಬಂದು, ಬೇರೆ ಡಾಕ್ಟರ ಹತ್ರ ಹೋಗೋಕೆ ಪುಕ್ಕಲುತನ ಅಡ್ಡ ಬಂದು, ಮುಖ ಮುಚ್ಚಿಕೊಳ್ಳೋಕೆ ಒಂದು ಪುಸ್ತಕ ಹಿಡ್ಕೊಂಡು ಇಲ್ಲಿಗೆ ಬಂದೆ. ಬಾಗಿಲಲ್ಲಿ ನನಗೆ ಮೊದಲು ಕಂಡಿದ್ದು ಉಕ್ಕಿನ ಮಾವ. ಆಮೇಲೆ ನೀನು.

ಹಾಂ, ಆಯ್ತು. ಉಗುಳು. ಹತ್ತಿ ತೆಗೆದೆ, ಈಗ ಮಾತಾಡಬಹುದು. ಸ್ವಲ್ಪ ಕೆಲಸ ಬಾಕಿ ಇದೆ, ಮುಂದಿನ ಸೋಮವಾರ ಬಾ. ಬರುವಾಗ ಇವತ್ತು ತಂದಿರೋದರ ಮುಂದಿನ ಪುಸ್ತಕ... ಅಂದ್ರೆ, ನೆನಪಾದ್ರೆ ತಾ.

ಜೇಬಲ್ಲಿ ಏನು ಹುಡುಕ್ತಿದ್ದೀಯ? ಪೆಪ್ಪರ್‌ಮಿಂಟಾ? ನನ್ನ ಕ್ಲಿನಿಕ್ಕಲ್ಲಿ? ಏಯ್, ಆ ಹಲ್ಲಲ್ಲಿ ಕಡೀಬೇಡ, ಅದು ಇನ್ನೂ...

ಕಟುಂ ಅಂತ ಕಡಿದೇಬಿಟ್ಯಲ್ಲೋ.

ನೋವಾಗಲಿಲ್ವಾ? ಸ್ವಲ್ಪಾನೂ? ಇರು, ಅದು ಔಷಧಿ ಪ್ರಭಾವ ಇರಬೇಕು... ಔಷಧಿ ಇವತ್ತು ಹಾಕಲೇ ಇಲ್ಲ, ಅಲ್ವಾ? ಹಾಗೆ ನೋಡಬೇಡ ನನ್ನ. ಬೈಯಿ ಬೇಕಾದ್ರೆ.

ಸರಿ. ಆ ಹಲ್ಲು ವಾಸಿಯಾಗಿ ಎಷ್ಟೋ ವಾರ ಆಯ್ತು. ಆಮೇಲೆ ನಾನು ಮಾಡಿದ್ದೆಲ್ಲ ತೊಳೆದು ಉಜ್ಜಿ ಹೊಳಪು ಕೊಟ್ಟಿದ್ದು. ಅಷ್ಟು ಹೊಳೆಯೋ ದವಡೆಹಲ್ಲು ಇನ್ಯಾರಿಗೂ ಇಲ್ಲ, ಬೇಕಾದ್ರೆ ಸಿಸ್ಟರನ್ನ ಕೇಳು. ಏನು ಮಾಡ್ಲಿ? ವಾಸಿಯಾಯ್ತು ಅಂದ್ರೆ ನೀನು ಬರಲ್ಲ. ಪುಸ್ತಕ ಹಾಳಾಗಿ ಹೋಗ್ಲಿ, ನೀನು ಬರಲ್ಲ.

ತಡಿ. ನೀನು ಮನೆಯಿಂದಲೇ ಪೆಪ್ಪರ್‌ಮಿಂಟ್ ತಂದಿದ್ದೀಯ. ಅಂದ್ರೆ ನಿನಗೆ ಗೊತ್ತಿತ್ತು. ಗೊತ್ತಿದ್ದೂ ವಾರ ವಾರ ಬಂದು ಬಾಯಿ ತೆಗೆದು ಕೂತ್ಕೊಂಡ್ಯಾ? ಇನ್ನೊಂದು... ನಿನ್ನ ಹತ್ರ ಕಾರಿದೆ. ಇಡೀ ಪೆಟ್ಟಿಗೇನ ಒಂದೇ ಸಲ ತಂದು ಹಾಕಬಹುದಿತ್ತು. ವಾರಕ್ಕೊಂದೇ ಪುಸ್ತಕ ಯಾಕೋ ತಂದೆ?

ಯಾಕೆ ನೆಲ ನೋಡ್ತಿದ್ದೀಯ?

ಸಿಸ್ಟರ್, ಹೊರಗಿರೋರಿಗೆ ಸ್ವಲ್ಪ ತಡ ಆಗುತ್ತೆ ಅಂತ ಹೇಳಿ. ತುಂಬಾ ಕಷ್ಟದ ಹಲ್ಲು ಅನ್ನಿ.

ನೀನು ಆ ಕಡೆ ಸರಿ, ನನಗೂ ಕುರ್ಚೀಲಿ ಜಾಗ ಕೊಡು. ತೆಗಿ ಪುಸ್ತಕ. ಮಾವ ಬಾವಿಯಿಂದ ಹೇಗೆ ಮೇಲೆ ಬಂದ ಅಂತ ಎಡಗಡೆ ಪುಟದಲ್ಲಿ ನಾನು ಓದ್ತೀನಿ. ಬಲಗಡೆದು ನೀನು ಓದು. ಬೆಕ್ಕನ್ನ ಮರೀಬೇಡ.