ಬಾಗಿಲಿಗೆ ಬರುತ್ತಿದ್ದ ವ್ಯಾಪಾರಿ

ಬೈಲಹೊಂಗಲದ ಬಸ್ ನಿಲ್ದಾಣದಲ್ಲಿ ನನ್ನ ಪಕ್ಕ ಇಬ್ಬರು ಹೆಂಗಸರು ಕೂತಿದ್ದರು. ದೊಡವಾಡದ ರಾಯವ್ವ ಆಗಷ್ಟೇ ಎಪಿಎಂಸಿಯಲ್ಲಿ ಹೆಸರುಕಾಳು ಮಾರಿ ಬಂದಿದ್ದರು. ಮುರಗೋಡದ ರಂಜನಾ ಅವರಿಗೆ ಕೇಳಿದಷ್ಟೂ ಸಾಲದು.

“ಬರೇ ಹೆಣ್ಮಕ್ಕಳ ಬಂದಿದ್ರೇನ್ರಿ?”

“ಹೂನ್ರಿ ಅಕ್ಕಾರ. ಓಣಿಯವ್ರೆಲ್ಲಾ ಕೂಡಿ ಕಾಳು ಒಣಗಿಸಿ, ಹಸನ ಮಾಡಿ, ಒಂದ ಟೆಂಪೋದಾಗ ತಂದ್ವಿ.”

“ಮದ್ಲ ಯಾರಿಗೆ ಕೊಡ್ತಿದ್ರಿ?”

“ಮನಿ ಬಾಗಲಿಗೆ ಒಬ್ಬ ವ್ಯಾಪಾರಿ ಬರ್ತಿದ್ದ. ಕಾಳು ಹಸಿ ಅದಾವ ಅಂತಿದ್ದ. ಅಂವ ಎಷ್ಟ ಅಂದ್ರ ಅಷ್ಟ ರೇಟು.”

“ಇಲ್ಲಿ ರೇಟು ಯಾರ ಹೇಳ್ತಾರ?”

“ಖರೀದಿ ಮಾಡೋರು ಒಬ್ರದು ಒಬ್ರಿಗೆ ಗೊತ್ತಾಗದಂಗ ಮೊಬೈಲ್‌ನ್ಯಾಗ ರೇಟು ಹಾಕ್ತಾರ್ರಿ. ಯಾರದ ಹೆಚ್ಚೋ ಅವ್ರಿಗೆ ಮಾಲು. ಇವತ್ತ ಯಾರದ ಹೆಚ್ಚ ಬಂತು, ಹೇಳ್ರಿ?”

“ಯಾರದು?”

“ನಮ್ಮ ಬಾಗಲಿಗೆ ಬರ್ತಿದ್ನಲ್ಲ, ಅವಂದ!”

ರಂಜನಾ ಬಾಯಿ ಮೇಲೆ ಕೈ ಇಟ್ಟುಕೊಂಡರು. “ನಿಮ್ಮನ್ನ ನೋಡಿ ಏನಂದಾ?”

“‘ಕಾಳು ಭಾಳ ಛಲೋ ಅದಾವ್ರಿ ರಾಯವ್ವಾರ’ ಅಂದ. ಇಷ್ಟ ವರ್ಷ ‘ಏ ರಾಯವ್ವಾ’ ಅಂತಿದ್ದ.”

ದೊಡವಾಡದ ಬಸ್ ಬಂತು. ರಾಯವ್ವ ಎದ್ದರು. ರಂಜನಾ ಬಸ್ಸಿನ ಬಾಗಿಲ ತನಕ ಅವರ ಹಿಂದೆಯೇ ಹೋದರು.

“ಮುರಗೋಡಕ್ಕ ಒಮ್ಮೆ ಬರ್ರಿ. ನಮ್ಮ ಓಣಿಯವ್ರೂ ನಿಮ್ಮ ಬಾಯಿಂದನ ಕೇಳ್ಲಿ.”